ಹತ್ತದೆ ಬಿಟ್ಟ ಮೂರು ಮಹಡಿ

ಅಧ್ಯಾಯ ಹನ್ನೊಂದು

ವಸೂಲಿ ಏಜೆನ್ಸಿಯ ಕುಶಲ ಆ ಹಾಳೆಯನ್ನು ನಮ್ಮ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ. ಅದರ ಕೆಳಗಿದ್ದ ಸಹಿ ನನ್ನದಾಗಿತ್ತು.

ಏಳು ವರ್ಷ ಹಳೆಯ ಜೆರಾಕ್ಸ್. ಅಕ್ಷರಗಳು ಅರ್ಧ ಅಳಿಸಿದ್ದವು. ಸಹಿ ಮಾತ್ರ ಅಳಿಸಿರಲಿಲ್ಲ. ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದು, ಕೆಳಗೊಂದು ಗೀಟು, ಗೀಟಿನ ಕೆಳಗೆ ಎರಡು ಚುಕ್ಕೆ. ಹಾಗೆ ಸಹಿ ಮಾಡಿದರೆ ದೊಡ್ಡ ಅಧಿಕಾರಿಯಂತೆ ಕಾಣುತ್ತೇನೆ ಎಂದು ಆ ವಯಸ್ಸಿನಲ್ಲಿ ಅಂದುಕೊಂಡಿದ್ದೆ.

"ಇದು ವೆರಿಫಿಕೇಶನ್ ರಿಪೋರ್ಟ್," ಕುಶಲ ಹೇಳಿದ. "ಅಂಕಲ್ ಬೋಲ್ತೇ ಹೈ, ಲೋನ್ ಲಿಯಾ ಹೀ ನಹೀಂ. ಆದ್ರೆ ಬ್ಯಾಂಕಿನ ಆದ್ಮಿ ಮನೆಗೆ ಬಂದು, ಎಲ್ಲಾ ನೋಡಿ, ಬರ್ದು ಸೈನ್ ಮಾಡಿದ್ದಾನೆ. ಆಪ್ ಖುದ್ ಪಢೋ."

ನನ್ನ ಪಕ್ಕದಲ್ಲಿ ಕುಳಿತಿದ್ದ ಪ್ರೇಮನಾಥ ಸಾಲ್ಯಾನರು ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಬಗ್ಗಿದರು. ತಾನು ಎಂದೂ ಪಡೆಯದ ಸಾಲಕ್ಕೆ ವಸೂಲಿ ಏಜೆನ್ಸಿಯವರು ಪ್ರಾಣ ಹಿಂಡುತ್ತಿದ್ದಾರೆ ಎಂದು ಅವರು ಠಾಣೆ ಪೇಟೆಯಲ್ಲಿರುವ ನನ್ನ ಪತ್ತೇದಾರಿ ಕಚೇರಿಯ ಬಾಗಿಲು ತಟ್ಟಿ ಅಂದಿಗೆ ಹನ್ನೆರಡು ದಿನ.

ಅವರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಡೊಂಬಿವಲಿ ಪೂರ್ವ. ಮೂರನೇ ಮಹಡಿ. ಲಿಫ್ಟ್ ಇಲ್ಲ. ಬಾಗಿಲು ತೆರೆದವರು ಹೆಂಡತಿ. ಟಿವಿ ಇದೆ, ಫ್ರಿಜ್ ಇದೆ. ಆಮೇಲೆ ಅಚ್ಚಾದ ಚೌಕಗಳ ಹೊರಗೆ, ಅಂಚಿನಲ್ಲಿ, ಪೆನ್ನಿನಲ್ಲಿ ಬರೆದ ಒಂದು ವಸ್ತು.

"ಹೊಲಿಗೆ ಯಂತ್ರ," ಅವರು ತಲೆಯೆತ್ತಿದರು. "ಅದು ಹೌದು. ಉಂಟು. ನನ್ನ ಹೆಂಡತಿ ಜಯಾಳದ್ದು. ಅಂದ್ರೆ ಈ ಜನ ನಮ್ಮ ಮನೆಯೊಳಗೆ ಬಂದಿದ್ದಾನೆ ಮಾರಾಯ್ರೇ. ಯಾರಿವನು?"

ನಾನು ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡೆ.

"ಹಯಗ್ರೀವರೇ, ಮೊದಲು ಇವನನ್ನು ಹಿಡೀಬೇಕು. ಇವನೊಬ್ಬ ಸಿಕ್ಕಿದ್ರೆ ಸಾಕು."

"ಹಿಡಿಯೋಣ್ರಿ," ಎಂದೆ.

ಆ ಮಾತು ಆಡುವಾಗ ನನ್ನ ದನಿ ನಡುಗಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕೆ.

ಮಹಾಪೆಯಲ್ಲಿದ್ದ ಏಜೆನ್ಸಿಯ ಆ ಕಚೇರಿ ಡಬ್ಬಿ ತಯಾರಿಸುವ ಕಾರ್ಖಾನೆಯೊಂದರ ಮೇಲಿತ್ತು. ಗಾಜಿನಾಚೆ ಇಪ್ಪತ್ತು ಇಪ್ಪತ್ತೈದು ಹುಡುಗ ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೆಲುದನಿಯಲ್ಲಿ ಯಾರ್ಯಾರನ್ನೋ ಬೆದರಿಸುತ್ತಿದ್ದರು. ಕೆಳಗಿನ ಯಂತ್ರದ ಬಡಿತಕ್ಕೆ ಮೇಜಿನ ಮೇಲಿನ ನೀರು ಸಣ್ಣಗೆ ಅಲುಗುತ್ತಿತ್ತು.

ಕಡತದಲ್ಲಿ ಇದ್ದದ್ದು ನಾಲ್ಕೇ ಹಾಳೆ. ಈ ಏಜೆನ್ಸಿ ಬ್ಯಾಂಕಿನಿಂದ ಹಳೇ ಸಾಲಗಳನ್ನು ಗಂಟುಕಟ್ಟಿ ಕೊಂಡುಕೊಳ್ಳುತ್ತದೆ. ಗಂಟಿನ ಜೊತೆ ಬಂದಷ್ಟೇ ಕಾಗದ. ಒಂದು ಅರ್ಜಿ, ಒಂದು ಪ್ಯಾನ್ ಕಾರ್ಡಿನ ಪ್ರತಿ, ನನ್ನ ರಿಪೋರ್ಟು, ಮತ್ತು ಕಟ್ಟಿದ ಕಂತುಗಳ ಪಟ್ಟಿ.

ಅರ್ಜಿಯ ಸಹಿಯನ್ನು ಪ್ರೇಮನಾಥರು ಬೆಳಕಿಗೆ ಹಿಡಿದು ನೋಡಿದರು. "ನನ್ನ ಹಾಗೇ ಉಂಟು. ಆದ್ರೆ ನಾನು ಹಾಕಿದ್ದಲ್ಲ."

"ಅನಿಲಕುಮಾರ ಅಂತ ಲೋನ್ ಏಜೆಂಟ್ ಒಬ್ಬ ಇದ್ದ ಅಂದ್ರಲ್ಲ?" ನಾನು ಕೇಳಿದೆ.

"ಹೌದು, ಕಲಬುರ್ಗಿಯವ. ದಿನಾ ಮಧ್ಯಾಹ್ನ ನಮ್ಮ ಹೋಟೆಲಿಗೆ ಊಟಕ್ಕೆ ಬರ್ತಿದ್ದ. ಸಿಮ್ ಕಾರ್ಡಿಗೆ ಅಂತ ಒಮ್ಮೆ ನನ್ನ ಪ್ಯಾನ್ ಜೆರಾಕ್ಸ್ ತೆಗೊಂಡಿದ್ದ."

ಅವನೇ ಆಗಿರಲಿ ಎಂದು ನನ್ನ ಮನಸ್ಸು ಆಸೆಪಟ್ಟಿತು. ಕುಶಲ ನಕ್ಕು ನಾಲ್ಕನೆಯ ಹಾಳೆಯನ್ನು ಮುಂದೆ ತಳ್ಳಿದ.

"ಸರ್ ಜೀ, ಏಜೆಂಟ್ ಫ್ರಾಡ್ ಮಾಡಿದ್ರೆ ಒಂದ್ ಕಂತಾದ್ರೂ ಕಟ್ತಾನಾ? ಯೇ ದೇಖೋ. ಮಾರ್ಚಿನಿಂದ ಅಕ್ಟೋಬರ್. ಎಂಟು. ಎಲ್ಲಾ ಕ್ಯಾಶ್. ಹರ್ ಮಹೀನೇ ಗ್ಯಾರಾ ತಾರೀಖ್. ಆಮೇಲೆ ಬಂದ್."

ಎಂಟು ತಿಂಗಳು, ಪ್ರತಿ ತಿಂಗಳೂ ಹನ್ನೊಂದನೇ ತಾರೀಕು. ಮೋಸಗಾರರಿಗೆ ಇಷ್ಟು ಶಿಸ್ತು ಇರುವುದಿಲ್ಲ. ಈ ತಾರೀಕುಗಳ ಹಿಂದೆ ಹೆದರಿಕೆಯಿತ್ತು. ಯಾರೋ ಪ್ರತಿ ತಿಂಗಳೂ ಎದೆ ಹಿಡಿದುಕೊಂಡು ಆ ಕೌಂಟರಿನ ಮುಂದೆ ನಿಂತಿದ್ದರು.

"ಅಂಕಲ್, ನೀವು ಹೊರಗೆ ಕೂತ್ಕೊಳ್ಳಿ. ಚಾಯ್ ಪಿಯೋ," ಕುಶಲ ಹೇಳಿದ. "ಸರ್ ಹತ್ರ ಎರಡು ಮಾತು ಇದೆ."

ಪ್ರೇಮನಾಥರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ತಮ್ಮ ಕೊಡೆಯನ್ನು ಎತ್ತಿಕೊಂಡು ಹೊರಗೆ ಹೋದರು.

ಗಾಜಿನ ಬಾಗಿಲು ಮುಚ್ಚಿದ ಮೇಲೆ ಕುಶಲ ಮೇಜಿನ ಕೆಳಗಿನಿಂದ ಉದ್ದದ ಪುಸ್ತಕವೊಂದನ್ನು ತೆಗೆದ. ಗೇಟಿನಲ್ಲಿ ಬಂದವರೆಲ್ಲ ಹೆಸರು ಬರೆಯುವ ರಿಜಿಸ್ಟರ್. ಅಂದಿನ ಪುಟ ತೆರೆದು, ರಿಪೋರ್ಟಿನ ಪಕ್ಕದಲ್ಲಿಟ್ಟ. ಎರಡು ಸಹಿಗಳೂ ಒಂದನ್ನೊಂದು ನೋಡುತ್ತ ಮಲಗಿದವು.

"ಎರಡೂ ಚುಕ್ಕೆ ಹಾಗೇ ಇವೆ," ಎಂದ.

ನಾನು ರಿಜಿಸ್ಟರನ್ನು ಅವನ ಕಡೆಗೆ ತಳ್ಳಿದೆ.

"ಮೈ ಬುರಾ ಆದ್ಮೀ ನಹೀಂ ಹೂಂ. ನನ್ನ ಅಮ್ಮ ಕಾರ್ಕಳದವಳು. ಮಗ ಬ್ಯಾಂಕಲ್ಲಿದ್ದಾನೆ ಅಂತ ಊರಲ್ಲಿ ಹೇಳ್ಕೊಂಡಿದ್ದಾಳೆ. ನಾನೂ ಹಾಗೇ ಹೇಳಲಿಕ್ಕೆ ಬಿಟ್ಟಿದ್ದೇನೆ." ಅವನು ರಿಜಿಸ್ಟರ್ ಮುಚ್ಚಿದ. "ಆ ಮನೆಗೆ ಹೋಗಿದ್ರಾ ನೀವು?"

"ಇದು ಸತ್ತ ಸಾಲ," ಎಂದೆ. "ಮೂರು ವರ್ಷದ ಗಡುವು ದಾಟಿ ಹೋಗೇದ. ಕೋರ್ಟಿಗೆ ಹೋಗ್ಲಿಕ್ಕೆ ಬರೂದಿಲ್ಲ. ನಿಮಗೂ ಗೊತ್ತದ."

"ಮೈನೇ ವೋ ನಹೀಂ ಪೂಛಾ. ಹೋಗಿದ್ರಾ?"

ಕೆಳಗೆ ಯಂತ್ರ ಬಡಿಯುತ್ತಿತ್ತು.

"ಇಲ್ಲ."

ಅವನು ಹಿಂದಕ್ಕೆ ಒರಗಿ ನಿಟ್ಟುಸಿರಿಟ್ಟ. ಗೆದ್ದವನ ಹಾಗೆ ಕಾಣಲಿಲ್ಲ. "ಟೇಬಲ್ ವೆರಿಫಿಕೇಶನ್," ಎಂದ. "ನಮ್ಮ ಹಳೇ ಫೈಲ್‌ಗಳಲ್ಲಿ ಅರ್ಧ ಇದೇ ಇವೆ."

ಹೌದು, ಅದಕ್ಕೊಂದು ಹೆಸರೂ ಇತ್ತು. ವಿಜಾಪುರದಲ್ಲಿ ಬಿ.ಎ. ಮುಗಿಸಿ ಬಂದ ನನಗೆ ಸಿಕ್ಕಿದ್ದ ಕೆಲಸ ಅದು. ಸಾಲ ಕೇಳಿದವರ ಮನೆಗೆ ಹೋಗಬೇಕು. ಮನೆ ಇದೆಯೇ, ಒಳಗೆ ಯಾರಿದ್ದಾರೆ, ಏನಿದೆ ಎಂದು ಬರೆದು ಕೊಡಬೇಕು. ಒಂದು ಮನೆಗೆ ಮೂವತ್ತು ರೂಪಾಯಿ. ಕಲ್ಯಾಣದಿಂದ ಠಾಣೆಯ ತನಕ ದಿನಕ್ಕೆ ಇಪ್ಪತ್ತು ಮನೆ. ಒಂದು ತಿಂಗಳು ನಾವು ಹುಡುಗರು ನಿಜವಾಗಿ ಮೆಟ್ಟಿಲು ಹತ್ತಿಳಿದೆವು. ಆಮೇಲೆ ಸ್ಟೇಷನ್ ಎದುರಿನ ಚಹಾದಂಗಡಿಯ ಮೇಜಿನ ಮೇಲೆ ಇಪ್ಪತ್ತು ಹಾಳೆ ಹರಡಿಕೊಂಡು ತುಂಬುವುದನ್ನು ಕಲಿತೆವು. ಟಿವಿ ಇದೆ, ಫ್ರಿಜ್ ಇದೆ, ನೆರೆಯವರ ಅಭಿಪ್ರಾಯ ಒಳ್ಳೆಯದು. ಎಲ್ಲರ ಮನೆಯಲ್ಲೂ ಎಲ್ಲವೂ ಇತ್ತು.

"ಸೀದಾ ಹೇಳ್ತೇನೆ," ಕುಶಲ ಒಂದು ಅಚ್ಚಾದ ಪತ್ರ ಮುಂದಿಟ್ಟ. "ಸೆಟಲ್‌ಮೆಂಟ್. ಬಡ್ಡಿ ಸೇರಿ ಎಷ್ಟೋ ಲಕ್ಷ ಇದೆ, ಅದೆಲ್ಲ ಛೋಡೋ. ನಲ್ವತ್ತು ಸಾವಿರ. ಅಂಕಲ್ ನಾಳೆ ಹನ್ನೆರಡರೊಳಗೆ ಸೈನ್ ಮಾಡ್ಲಿ. ಈ ರಿಪೋರ್ಟ್ ಫೈಲೊಳಗೇ ಇರುತ್ತೆ. ನಿಮ್ಮ ಧಂದಾ ನಡೀತದೆ."

"ಮಾಡಲಿಲ್ಲಂದ್ರ?"

"ಅಂಕಲ್ ಮಗಳು ಇದೇ ಮಹಾಪೆಯಲ್ಲಿ ಕೆಲಸಕ್ಕೆ ಇದ್ದಾಳಲ್ಲ, ಪ್ರಣೀತಾ. ಕಾಯಂ ಆಗಿಲ್ಲ ಇನ್ನೂ. ಅವಳ ಆಫೀಸಿನ ರಿಸೆಪ್ಶನ್‌ಗೆ ಹುಡುಗರು ಎರಡು ಸಲ ಫೋನ್ ಮಾಡಿದ್ದಾರೆ. ಮೂರನೇ ಸಲ ಖುದ್ ಜಾಯೇಂಗೇ."

"ಅದು ತಪ್ಪು. ಮಗಳಿಗೂ ಸಾಲಕ್ಕೂ ಸಂಬಂಧ ಇಲ್ಲ."

"ತಪ್ಪೇ," ಅವನು ಒಪ್ಪಿಕೊಂಡ. "ಮೂವತ್ತು ರೂಪಾಯಿಗೆ ನೀವು ಬರ್ದದ್ದು?"

ನಾನು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಬಾಗಿಲ ಬಳಿ ಅವನು ಹಿಂದಿನಿಂದ ಕೇಳಿದ, ನಿಜವಾದ ಕುತೂಹಲದಿಂದ.

"ಏಕ್ ಬಾತ್ ಬತಾವೋ. ಹೋಗದೆ ಇದ್ರೆ ಆ ಹೊಲಿಗೆ ಯಂತ್ರ ಹೇಗೆ ಗೊತ್ತಾಯ್ತು ನಿಮಗೆ?"

ಅದು ನನಗೂ ಗೊತ್ತಿರಲಿಲ್ಲ.

* * *

ಘಣಸೋಲಿಯಿಂದ ಠಾಣೆಗೆ ಹೋಗುವ ಲೋಕಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಜಾಗ ಸಿಕ್ಕಿತು. ಪ್ರೇಮನಾಥರು ಕಿಟಕಿಗೆ, ನಾನು ಎದುರಿಗೆ. ಸೆಟಲ್‌ಮೆಂಟ್ ಪತ್ರವನ್ನು ಅವರ ಕೈಗೆ ಕೊಟ್ಟಿದ್ದೆ. ಅವರು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದರು.

"ಇದಕ್ಕೆ ಸಹಿ ಹಾಕಬ್ಯಾಡ್ರಿ ಅಣ್ಣಾರ," ಎಂದೆ. "ಹಾಕಿದ್ರಂದ್ರ ಸಾಲ ನಂದೇ ಅಂತ ಒಪ್ಪಿಕೊಂಡಂಗ. ಸತ್ತದ್ದಕ್ಕ ನೀವೇ ಜೀವ ಕೊಟ್ಟಂಗ ಆಗ್ತದ."

"ಮತ್ತೆ ಪ್ರಣೀತಾಳ ಆಫೀಸಿಗೆ ಇವರು ಹೋದ್ರೆ?"

ಕೋಪರಖೈರಣೆ, ರಬಾಳೆ ಎಂದು ಯಾವ ಸ್ಟೇಷನ್ ಯಾವ ದಿಕ್ಕಿಗೆ ಎಂಬುದನ್ನು ಯೋಚಿಸುವವನಂತೆ ನಾನು ಬಾಗಿಲ ಮೇಲಿನ ಪಟ್ಟಿ ನೋಡಿದೆ.

"ಮೊನ್ನೆ ಬಂದವರು ಮೆಟ್ಟಿಲಲ್ಲಿ ನಿಂತು ಬೊಬ್ಬೆ ಹಾಕಿದ್ರು," ಅವರು ಹೇಳಿದರು. "ಆಮೇಲೆ ಜಯಾ ಕೆಳಗೆ ಇಳಿಯಲೇ ಇಲ್ಲ. ತರಕಾರಿ ಕೂಡ ನಾನೇ ತರುವುದು. ಎದುರು ಮನೆಯ ಮರಾಠಿ ಹೆಂಗಸು ಕೇಳಿದ್ರಂತೆ, ಸಾಲ್ಯಾನ್ ಭಾವೂಜಿಗೆ ಹೀಗೂ ಉಂಟಾ ಅಂತ."

"ಮನೀ ವ್ಯವಹಾರ ಎಲ್ಲಾ ಅಕ್ಕಾರೇ ನೋಡ್ತಾರೇನು?"

"ಮತ್ತೆ ಯಾರು? ನಾನು ಆಗ ಬೆಳಿಗ್ಗೆ ಆರಕ್ಕೆ ಹೋಟೆಲಿಗೆ ಹೋದ್ರೆ ರಾತ್ರಿ ಹತ್ತೂವರೆ. ಬ್ಯಾಂಕ್, ರೇಷನ್, ಲೈಟ್ ಬಿಲ್ ಎಲ್ಲ ಅವಳೇ. ಕಾಗದ ತಂದು ಇಟ್ಟರೆ ಇಟ್ಟಲ್ಲಿ ಸಹಿ. ಹತ್ತನೇ ತಾರೀಕು ಸಂಬಳ. ಹೋಟೆಲಿನ ಶೇಖರ ಧನಿಗಳು ಲಕೋಟೆಯಲ್ಲಿ ಹಾಕಿ ಕೊಡ್ತಿದ್ರು. ಒಡೆಯದೆ ಅವಳ ಕೈಗೆ ಕೊಡುವುದು. ಮೂವತ್ತೊಂದು ವರ್ಷ ಅದೇ ಕ್ರಮ."

ಹತ್ತನೇ ತಾರೀಕು ಸಂಬಳ. ಹನ್ನೊಂದನೇ ತಾರೀಕು ಕಂತು.

ಎದುರಿನ ಸೀಟಿನಲ್ಲಿ ಕುಳಿತ ಆ ಮನುಷ್ಯನ ಮುಖವನ್ನು ನಾನು ಆಗ ನೋಡಲಾರದೆ ಹೋದೆ.

"ಹೋಟೆಲ್ ಯಾವಾಗ ಬಿಟ್ರಿ?" ಎಂದು ಕೇಳಿದೆ, ಉತ್ತರ ಗೊತ್ತಿದ್ದವನಂತೆ.

"ಎರಡು ಸಾವಿರದ ಆರು. ದೀಪಾವಳಿ ಕಳೆದು."

ಅಕ್ಟೋಬರ್. ಕೊನೆಯ ಕಂತು ಅಕ್ಟೋಬರ್ ಹನ್ನೊಂದಕ್ಕೆ.

"ಯಾಕ ಬಿಟ್ರಿ?"

ಅವರು ಹೊರಗೆ ನೋಡಿದರು. ಹಿನ್ನೀರಿನ ಖಾಡಿಯ ಕೆಸರು, ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತ ಬಿಳಿ ಹಕ್ಕಿಗಳು. ಐರೋಲಿ ಬಂತು, ಜನ ಇಳಿದರು, ಹತ್ತಿದರು.

"ಕಾಲು ನೋವು," ಎಂದರು. "ಧನಿಗಳು ಒಳ್ಳೆಯವರು. ಊರಿಂದ ಕರ್ಕೊಂಡು ಬಂದದ್ದೇ ಅವರು. ಈಗಲೂ ಚೌತಿಗೆ ಕಡುಬು ಕಳಿಸ್ತಾರೆ."

ಆಮೇಲೆ ಕಿಟಕಿಗೆ ತಲೆಯೊರಗಿಸಿದರು.

ಆ ಹೊಲಿಗೆ ಯಂತ್ರ ನನಗೆ ನೆನಪಾದದ್ದು ಆಗಲೇ. ಏಳು ವರ್ಷದ ಹಿಂದಿನ ಒಂದು ಪಿಸಿಒ, ಹಳದಿ ಡಬ್ಬಿ, ಬಿಸಿಯಾದ ರಿಸೀವರು. ಆ ದಿನ ಅರ್ಜಿಯಲ್ಲಿ ಕನ್ನಡದ ಹೆಸರು ಕಂಡು ಫೋನ್ ಮಾಡಿದ್ದೆ. ಹಿಂದಿಯಲ್ಲಿ ಶುರು ಮಾಡಿದೆ. ಆ ಕಡೆಯ ಹೆಂಗಸಿನ ಹಿಂದಿ ತಡವರಿಸಿತು. "ನೀವು ಕನ್ನಡದವರೇನ್ರಿ?" ಎಂದೆ. ಆಮೇಲೆ ಆಕೆ ಬಿಡುವಿಲ್ಲದೆ ಮಾತಾಡಿದ್ದರು. ಬರಬೇಡಿ, ಕಟ್ಟಡದವರು ಕೇಳುತ್ತಾರೆ, ನಿಮಗೇನು ಬೇಕೋ ಫೋನಿನಲ್ಲೇ ಹೇಳುತ್ತೇನೆ. ಟಿವಿ ಉಂಟು, ಫ್ರಿಜ್ ಉಂಟು. ಮತ್ತೆ ನನ್ನ ಹೊಲಿಗೆ ಯಂತ್ರ ಉಂಟು, ಅದೂ ಬರೆದರೆ ಒಳ್ಳೆಯದಾ?

ಬರೆದಿದ್ದೆ. ದಿನವಿಡೀ ಮರಾಠಿ ಹಿಂದಿ ಕೇಳಿ ಬತ್ತಿದ ಕಿವಿಗೆ ಅದು ನೀರು ಬಿದ್ದಂತಾಗಿತ್ತು. ನಮ್ಮವರ ಮನೆ, ನೋಡುವುದೇನಿದೆ ಎಂದುಕೊಂಡು ಸಹಿ ಹಾಕಿದ್ದೆ. ಇದನ್ನು ಉಪಕಾರ ಎಂದೂ ಅಂದುಕೊಂಡಿದ್ದೆ.

ಹನ್ನೆರಡು ದಿನದ ಹಿಂದೆ ಮೊದಲ ಬಾರಿಗೆ ಪ್ರೇಮನಾಥರ ಮನೆಯ ಮೆಟ್ಟಿಲು ಹತ್ತಿ ಹೋದಾಗ ಅವರ ಹೆಂಡತಿ ಜಯಲತಾ ನೀರಿನ ಲೋಟ ತಂದಿಟ್ಟಿದ್ದರು. ನಾನು ಬಾಯಿ ತೆರೆದದ್ದೇ ಒಳಗೆ ಹೋದವರು ಮತ್ತೆ ಹೊರಗೆ ಬಂದಿರಲಿಲ್ಲ. ಸಂಕೋಚದ ಹೆಂಗಸು ಎಂದು ಬರೆದುಕೊಂಡಿದ್ದೆ. ಪತ್ತೇದಾರನ ಟಿಪ್ಪಣಿ.

ಠಾಣೆಯಲ್ಲಿ ಗಾಡಿ ಬದಲಿಸಿದೆವು. ಡೊಂಬಿವಲಿಯ ಸ್ಲೋ ಗಾಡಿಯಲ್ಲಿ ನಿಂತೇ ಬಂದೆವು. ಮುಂಬ್ರಾ ದಾಟುವ ಹೊತ್ತಿಗೆ ನಾನು ತೀರ್ಮಾನ ಮಾಡಿದ್ದೆ. ನನ್ನ ತಪ್ಪನ್ನು ಪೂರ್ತಿ ಒಪ್ಪಿಕೊಳ್ಳುವುದು. ಫೋನಿನ ವಿಷಯ ಮಾತ್ರ ಎತ್ತದಿರುವುದು.

* * *

ಮನೆಯ ಬಾಗಿಲು ತೆರೆದೇ ಇತ್ತು, ಆ ಕಟ್ಟಡದ ಎಲ್ಲರ ಬಾಗಿಲಿನಂತೆ. ಎದುರು ಮನೆಯ ಟಿವಿಯ ಮರಾಠಿ ಧಾರಾವಾಹಿ ಇಲ್ಲಿಗೂ ಕೇಳುತ್ತಿತ್ತು. ಪ್ರೇಮನಾಥರು ಕೈಕಾಲು ತೊಳೆದು ಬರುವಷ್ಟರಲ್ಲಿ ನಾನು ಊಟದ ಮೇಜಿನ ಮೇಲೆ ಒಂದು ಬಿಳಿ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಮುಗಿಸಿದ್ದೆ. ಏಳೇ ಸಾಲು.

"ಎಂತದು ಅದು?"

"ಕೂಡ್ರಿ ಅಣ್ಣಾರ. ಓದ್ತೀನಿ."

ಕನ್ನಡದಲ್ಲಿ ಹೇಳುತ್ತ ಹೋದೆ. ಹಯಗ್ರೀವ ಎಂಬ ನಾನು, ಇಂಥ ತಾರೀಕಿನಂದು, ಇಂಥ ವಿಳಾಸದ ಮನೆಯನ್ನು ನೋಡಿದ್ದಾಗಿ ಬರೆದ ರಿಪೋರ್ಟು ಸುಳ್ಳು. ಆ ಮನೆಗೆ ನಾನು ಹೋಗಿರಲಿಲ್ಲ. ಅರ್ಜಿ ಹಾಕಿದವರು ಯಾರೆಂದು ನಾನು ನೋಡಿಲ್ಲ.

ಟವೆಲ್ಲು ಅವರ ಭುಜದ ಮೇಲೇ ಇತ್ತು.

"ನೀವಾ?"

"ನಾನೇ."

"ಆ ಸಹಿ?"

"ನಂದೇ."

"ನಾನು ಇವನನ್ನು ಹಿಡೀಬೇಕು ಅಂದಾಗ ನೀವು ಪಕ್ಕದಲ್ಲೇ ಕೂತಿದ್ರಿ."

ನಾನು ಹೌದೆಂದೆ.

"ಒಂದು ಮನೆಗೆ ಎಷ್ಟು ಕೊಡ್ತಿದ್ರು?"

"ಮೂವತ್ತು."

"ಮೂವತ್ತು," ಎಂದು ಅವರೂ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರ ಮುಖದಲ್ಲಿ ಇನ್ನೊಂದು ಯೋಚನೆ ಮೂಡಿತು. "ಹಾಗಾದ್ರೆ ಹೊಲಿಗೆ ಯಂತ್ರ?"

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು.

"ಅಂದಾಜಿಗೆ ಬರೆದದ್ದು," ಎಂದೆ. "ಆಗ ಎಲ್ಲಾರ ಮನ್ಯಾಗೂ ಇರ್ತಿತ್ತಲ್ರಿ."

ಅವರು ನನ್ನನ್ನು ನಂಬಿದರು. ನಂಬಲು ಆಸೆಪಟ್ಟರು ಎಂದರೆ ಸರಿ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, "ಇದು ಸಾಕಲ್ವಾ ಮತ್ತೆ? ನಾಳೆ ಇದನ್ನು ತೆಗೊಂಡು ಹೋಗುವ. ನಿಮಗೆ ಕಷ್ಟ ಆಗ್ತದೋ ಏನೋ. ಆದ್ರೆ ನಾವು ಬದುಕಿದೆವು," ಎಂದರು.

"ಅಂದಾಜಿಗೆ ಅಲ್ಲ ಅದು."

ಜಯಲತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅಂಗೈಗೆ ಹಿಟ್ಟು ಮೆತ್ತಿತ್ತು. ನನ್ನ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ನೆಲ ನೋಡುತ್ತ ಹೇಳಿದರು.

"ನಾನು ಹೇಳಿದ್ದು. ಫೋನಿನಲ್ಲಿ. ಇವರು ಕನ್ನಡ ಮಾತಾಡಿದ್ರು ಅಂತ ಧೈರ್ಯ ಬಂತು. ಬರಬೇಡಿ ಅಂದೆ. ಇವರು ಬರ್ಲಿಲ್ಲ. ಮೊದಲ ದಿನ ಇವರು ಬಾಯಿ ತೆರೆದ ಕೂಡಲೇ ನನಗೆ ಗೊತ್ತಾಗಿದೆ, ಅದೇ ಸ್ವರ ಅಂತ."

"ನೀನು ಎಂತ ಹೇಳ್ತಿದ್ದಿ ಜಯಾ?"

"ಗ್ಯಾಸಿನ ಕಾಗದ ಅಂತ ನಿಮ್ಮ ಸಹಿ ತೆಗೊಂಡದ್ದು ನಾನು. ಸಾಲ ಮಾಡಿದ್ದು ನಾನು. ಲಕೋಟೆ ಬಂದ ಮರುದಿನ ಕಟ್ಟಿದ್ದು ನಾನು. ಲಕೋಟೆ ಬರುವುದು ನಿಂತ ಮೇಲೆ ಕಟ್ಟಲಿಕ್ಕೆ ಆಗ್ಲಿಲ್ಲ. ಇವರು ಪಾಪ ನನ್ನನ್ನು ಉಳಿಸಲಿಕ್ಕೆ ಸುಳ್ಳು ಹೇಳ್ತಿದ್ದಾರೆ. ಪರರ ಬಾಯಲ್ಲಿ ಇನ್ನೊಂದು ಸುಳ್ಳು ಬೇಡ."

ಎದುರು ಮನೆಯ ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಪ್ರೇಮನಾಥರು ತುಳುವಿನಲ್ಲಿ ಒಂದೇ ಮಾತು ಕೇಳಿದರು. ಯಾರಿಗೋಸ್ಕರ ಎಂದು.

"ಏರೆಗ್?"

"ಈರೆಗೇ."

ಡೊಂಬಿವಲಿಯಲ್ಲಿ ಇಷ್ಟು ವರ್ಷ ಓಡಾಡಿದ ನನಗೆ ಅಷ್ಟು ತುಳು ಬರುತ್ತಿತ್ತು. ನಿಮಗೇ, ಎಂದಿದ್ದರು ಆಕೆ.

ಮುಂದಿನದನ್ನು ಕನ್ನಡದಲ್ಲೇ ಹೇಳಿದರು. ನನಗೆ ಹೇಳುವುದು ಗಂಡನಿಗೆ ಹೇಳುವುದಕ್ಕಿಂತ ಸುಲಭವೆಂಬಂತೆ.

"ಶೇಖರ ಧನಿಗಳು ಮನೆಗೆ ಬಂದಿದ್ರು, ಇವರು ಹೋಟೆಲಲ್ಲಿ ಇದ್ದ ಹೊತ್ತಿಗೆ. ಗಲ್ಲಾದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಕಡಿಮೆ ಬಂದಿದೆ ಅಂದ್ರು. ಪೊಲೀಸಿಗೆ ಕೊಡುವ ಮನಸ್ಸಿಲ್ಲ, ನೀನೇ ಹೇಗಾದ್ರೂ ತುಂಬಿಸು, ಪ್ರೇಮನಿಗೆ ಹೇಳ್ಬೇಡ, ಮಾನ ಹೋಯ್ತು ಅಂತ ಏನಾದ್ರೂ ಮಾಡ್ಕೊಂಡಾನು ಅಂದ್ರು. ಆ ಅನಿಲಕುಮಾರನನ್ನು ಕಳಿಸಿದ್ದೂ ಅವರೇ."

"ನನ್ನ ಹತ್ರ ಒಮ್ಮೆ ಕೇಳಬಹುದಿತ್ತು," ಎಂದರು ಪ್ರೇಮನಾಥರು.

"ಕೇಳಿದ್ರೆ, ನೀವು ಹೌದು ತೆಗೆದಿದ್ದೇನೆ ಅಂದಿದ್ರೆ?"

ಯಾವ ಗಂಡನಾದರೂ ಆಗ ಸಿಟ್ಟಾಗಬೇಕು. ನಾನು ಕಳ್ಳನಾ ಎಂದು ಕೇಳಬೇಕು. ಪ್ರೇಮನಾಥರು ಎದ್ದು ಹೋಗಿ ಹೊರಬಾಗಿಲನ್ನು ಮೆಲ್ಲಗೆ ಮುಚ್ಚಿ ಚಿಲಕ ಹಾಕಿದರು. ಟಿವಿಯ ಅಳು ಕೇಳದಾಯಿತು. ಹಿಂದಿರುಗಿ ಬಂದು ಕುಳಿತರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಯಾವ ತಿಂಗಳು ಕೊಟ್ಟದ್ದು ಅವರಿಗೆ?"

"ಫೆಬ್ರವರಿ."

"ಪೂರ್ತಿಯಾ?"

"ಪೂರ್ತಿ. ಕೈಯಲ್ಲೇ ಕೊಟ್ಟೆ."

ಅವರು ಮೇಜಿನ ಮೇಲಿದ್ದ ಸೆಟಲ್‌ಮೆಂಟ್ ಪತ್ರದ ಮಡಿಕೆಯನ್ನು ಉಗುರಿನಿಂದ ತೀಡಿದರು. ಒಮ್ಮೆ, ಮತ್ತೊಮ್ಮೆ.

"ದೀಪಾವಳಿಯ ಮರುದಿನ ನನ್ನನ್ನೂ ಒಳಗೆ ಕರೆದಿದ್ರು," ಎಂದರು. "ಒಂದು ಲಕ್ಷ ಇಪ್ಪತ್ತು ಸಾವಿರ ಕಡಿಮೆ ಅಂತ. ಪುಸ್ತಕ ತೋರಿಸಿದ್ರು. ಪೊಲೀಸಿಗೆ ಕೊಡುವ ಮನಸ್ಸಿಲ್ಲ, ಜಯಾಳಿಗೆ ಗೊತ್ತಾದ್ರೆ ಅವಳು ಉಳಿಯಲಿಕ್ಕಿಲ್ಲ ಅಂತ. ನಾನು ಮುಟ್ಟಿರಲಿಲ್ಲ. ಆದ್ರೆ ಇಲ್ಲ ಅಂತ ಹೇಳ್ಲಿಕ್ಕೆ ನನಗೆ ನಾಲಿಗೆ ಏಳಲಿಲ್ಲ. ಮೂವತ್ತೊಂದು ವರ್ಷದ್ದು ಬರಬೇಕಾದದ್ದೆಲ್ಲ ಅಲ್ಲೇ ಬಿಟ್ಟು ಎದ್ದು ಬಂದೆ."

ಜಯಲತಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹಿಟ್ಟಿನ ಗುರುತು ಅಲ್ಲಿ ಅಂಟಿತು.

ಏಳು ವರ್ಷ ಒಂದೇ ಮನೆಯಲ್ಲಿ, ಒಂದೇ ಅವಮಾನವನ್ನು ಇಬ್ಬರೂ ಬೇರೆಬೇರೆಯಾಗಿ ತೀರಿಸಿದ್ದರು. ಒಬ್ಬರಿಗೊಬ್ಬರು ಕಾಣದಂತೆ. ನಾನು ಎದ್ದು ಹೋಗಬೇಕಾಗಿತ್ತು. ಆದರೂ ಕುಳಿತೇ ಇದ್ದೆ.

"ಕಾಲು ನೋವು ಅಂತ ಹೇಳಿದ್ರಿ ನನಗೆ," ಎಂದರು ಜಯಲತಾ. ಅಷ್ಟೇ.

ಪ್ರೇಮನಾಥರು ನನ್ನ ಕಡೆ ತಿರುಗಿದರು. ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ ಅವರ ದನಿಯಲ್ಲಿ ಬೇಡಿಕೆಯಿರಲಿಲ್ಲ.

"ಹಯಗ್ರೀವರೇ, ಠಾಣೆಯಲ್ಲಿ ಗಾಡಿ ಬದಲಿಸುವಾಗ ನೀವು ಟಿಕೆಟಿಗೆ ನಿಂತಿದ್ರಲ್ಲ. ಆಗ ನಾನು ಧನಿಗಳಿಗೆ ಒಂದು ಫೋನ್ ಮಾಡಿದೆ."

"ಯಾಕ್ರಿ?"

"ಕಷ್ಟಕ್ಕೆ ಮತ್ತೆ ಯಾರಿಗೆ ಮಾಡ್ಲಿ? ಒಂದು ಸಾಲಕ್ಕೆ ನಾಳೆ ಹನ್ನೆರಡರೊಳಗೆ ನಲವತ್ತು ಸಾವಿರ ಬೇಕಿತ್ತು ಅಂದೆ. ಎಂತ ಸಾಲ ಅಂತ ಅವರು ಕೇಳಲೇ ಇಲ್ಲ. ಹಳೇದನ್ನೆಲ್ಲ ಕೆದಕ್ಬೇಡ ಪ್ರೇಮ, ಸಹಿ ಹಾಕಿ ಮುಗಿಸು, ಹಣ ನಾನು ಕೊಡ್ತೇನೆ ಅಂದ್ರು." ಅವರು ಗೋಡೆಯ ಗಡಿಯಾರ ನೋಡಿದರು. "ನಾಳೆವರೆಗೆ ಯಾಕೆ, ಇವತ್ತೇ ತರ್ತೇನೆ ಅಂದ್ರು. ಏಳು ಗಂಟೆಗೆ."

ಏಳಕ್ಕೆ ನಾಲ್ಕು ನಿಮಿಷವಿತ್ತು. ಕೆಳಗೆ ಕಾರೊಂದು ನಿಂತ ಸದ್ದಾಯಿತು. ಜಯಲತಾ ಸೆರಗಿಗೆ ಕೈ ಒರೆಸಿಕೊಂಡು, ಗಂಡ ಹಾಕಿದ್ದ ಚಿಲಕವನ್ನು ತಾವೇ ತೆಗೆದರು.